ಇಪ್ಪತ್ತೊಂದು ಗಂಟೆ ಇಪ್ಪತ್ತೈದು ನಿಮಿಷ

ಫೆಬ್ರವರಿ ೩

ಚೂಟಿಯ ಅಮ್ಮನವರಿಗೆ,

ನಮಸ್ಕಾರ. ಕೋರ್ಟಿನ ಸಂಧಾನದ ಮೇಡಂ ಹೇಳಿದಂತೆ ಫೋನು ಮಾಡದೆ ಪತ್ರ ಬರೆಯುತ್ತಿದ್ದೇನೆ. "ಫೋನಲ್ಲಿ ನೀವಿಬ್ರೂ ಹಾವು ಮುಂಗುಸಿ. ಮಗಳ ವಿಷಯ ಏನಿದ್ರೂ ಬರೆದು ಮಾತಾಡಿ. ಅಂಚೆ ತಲುಪೋಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತೆ" ಅಂದಿದ್ದರಲ್ಲ. ಇಲ್ಲಿಂದ ಅಲ್ಲಿಗೆ ಪತ್ರ ತಲುಪಲು ಹತ್ತು ದಿನ ಬೇಕು. ನಮ್ಮ ಸಿಟ್ಟಿಗೆ ಅಷ್ಟು ಸಾಕೇ ಎಂಬುದು ಬೇರೆ ಮಾತು.

ವಿಷಯ ಇಷ್ಟು. ಈ ರಜೆಗೆ ಚೂಟಿ ಒಬ್ಬಳೇ ಬರಬಹುದು. ನಿಮ್ಮ ಊರಿಂದ ನಮ್ಮ ಊರಿಗೆ ನಡುವೆ ಎಲ್ಲೂ ಇಳಿಯದ ವಿಮಾನ ಶುರುವಾಗಿದೆ. ದೂರ ಒಂಬತ್ತು ಸಾವಿರದ ನೂರ ಎಂಬತ್ತು ಕಿಲೋಮೀಟರ್. ಹನ್ನೊಂದು ವರ್ಷದ ಮಕ್ಕಳನ್ನು ವಿಮಾನದವರೇ ಕೈಹಿಡಿದು ಹತ್ತಿಸಿ, ಕೈಹಿಡಿದು ಇಳಿಸಿ, ಸಹಿ ಹಾಕಿಸಿಕೊಂಡು ಒಪ್ಪಿಸುತ್ತಾರೆ. ವಿಮಾನ ಹೊರಡುವ ಮೊದಲು ದಾರಿ, ಗಾಳಿ, ಇಂಧನದ ಲೆಕ್ಕ ಹಾಕಿ ಪೈಲಟ್ಟಿಗೆ ಹಾಳೆ ಕೊಡುವುದು ನಮ್ಮ ಕಚೇರಿ. ನಾವು ಏಳು ಜನ ಇದ್ದೇವೆ, ಯಾರೂ ಕುಡುಕರಲ್ಲ. ಹಾಗಾಗಿ ಹೆದರಿಕೆ ಬೇಡ.

ಇನ್ನು ನನ್ನ ತಕರಾರು. ಎಂಟು ವಾರದ ರಜೆಯಲ್ಲಿ ನಿಮಗೆ ಇಪ್ಪತ್ತೆಂಟು ದಿನ, ನನಗೆ ಇಪ್ಪತ್ತೆಂಟು ದಿನ ಎಂದು ಒಪ್ಪಂದವಾಗಿದೆ. ಹಿಂದಿನ ಎರಡು ವರ್ಷ ನಾನೇ ಬಂದು ಕರೆದುಕೊಂಡು ಹೋದೆ, ನಾನೇ ತಂದು ಬಿಟ್ಟೆ. ದಾರಿಯ ಹೊತ್ತು ಅವಳು ನನ್ನ ಪಕ್ಕದಲ್ಲೇ ಇದ್ದಳು, ಅದನ್ನು ನನ್ನ ಪಾಲಿಗೆ ಹಾಕಿದ್ದು ನ್ಯಾಯ. ಈ ಸಲ ನಾನಿರುವುದಿಲ್ಲ. ಬರುವಾಗ ಹನ್ನೊಂದು ಗಂಟೆ ಮೂವತ್ತೈದು ನಿಮಿಷ, ಹೋಗುವಾಗ ಒಂಬತ್ತು ಗಂಟೆ ಐವತ್ತು ನಿಮಿಷ. ಒಟ್ಟು ಇಪ್ಪತ್ತೊಂದು ಗಂಟೆ ಇಪ್ಪತ್ತೈದು ನಿಮಿಷ ಅವಳು ನಿಮ್ಮ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ. ಅದನ್ನು ಪೂರ್ತಿ ನನ್ನ ಪಾಲಿಂದಲೇ ಕಳೆಯುವಂತಿಲ್ಲ. ಬರುವ ಹೊತ್ತು ನಿಮ್ಮದು, ಹೋಗುವ ಹೊತ್ತು ನನ್ನದು ಅಂತ ಮಾಡೋಣ.

ಇಷ್ಟಕ್ಕೆಲ್ಲ ಪತ್ರವೇ ಎಂದು ನೀವು ನಗಬಹುದು. ವರ್ಷಕ್ಕೆ ಇಪ್ಪತ್ತೆಂಟೇ ದಿನ ಮಗಳನ್ನು ನೋಡುವವನಿಗೆ ಒಂದು ದಿನ ಅಂದರೆ ಎಷ್ಟು ಎಂದು ನಿಮಗೆ ಗೊತ್ತಾಗುವುದು ಕಷ್ಟ. ನವೆಂಬರಿನಲ್ಲಿ ಅವಳಿಗೆ ಹನ್ನೆರಡು ತುಂಬುತ್ತದೆ. ಆಗ ಮೇಡಂ ಅವಳನ್ನೇ ಎದುರು ಕೂರಿಸಿಕೊಂಡು, ಇನ್ನು ಮುಂದೆ ಶಾಲೆಯ ವರ್ಷವೆಲ್ಲ ಯಾರ ಮನೆಯಲ್ಲಿರುತ್ತೀಯಾ ಎಂದು ಕೇಳಲಿದ್ದಾರೆ. ಅಷ್ಟರೊಳಗೆ ನನಗಿರುವುದು ಇದೊಂದೇ ರಜೆ.

ಇಂತಿ,
ಚೂಟಿಯ ಅಪ್ಪ

ಫೆಬ್ರವರಿ ೧೭

ಲೆಕ್ಕದ ಮಹಾನುಭಾವರಿಗೆ,

ಹದಿಮೂರು ವರ್ಷ 'ನೀನು' ಅಂದವನಿಗೆ 'ನೀವು' ಎಂದು ಬರೆಯುವಾಗ ಹೊಸ ಚಪ್ಪಲಿ ಹಾಕಿಕೊಂಡಂತೆ ಆಗುತ್ತದೆ. ಆದರೂ ಹಾಕಿಕೊಂಡೇ ನಡೆಯುತ್ತೇನೆ, ನೀವೇ ಶುರು ಮಾಡಿದ್ದು.

ನಿಮ್ಮ ಪತ್ರ ಬಂದಾಗ ನಾನು ಲ್ಯಾಬಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಹಲ್ಲಿನ ಸೆಟ್ಟಿಗೆ ಮೇಣ ತಿದ್ದುತ್ತಿದ್ದೆ. ಓದಿ, ಕೈಯಲ್ಲಿದ್ದ ದವಡೆ ಕೆಳಗಿಟ್ಟು ನಕ್ಕೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು ನಿಮ್ಮ ಕಥೆ. ಅವಳು ನಿಮ್ಮದೇ ಮನೆಯಲ್ಲಿದ್ದಾಗ ಎಷ್ಟು ಸಂಜೆ ಅವಳೆದುರು ಕೂತಿದ್ದಿರಿ? ಆಗ ಗಂಟೆಗಳನ್ನು ಹೀಗೆ ಎಣಿಸಿದ್ದರೆ ಇವತ್ತು ಅಂಚೆಯವರಿಗೆ ಕೆಲಸ ಕಡಿಮೆಯಾಗುತ್ತಿತ್ತು.

ಇರಲಿ. ನನಗೆ ಎರಡು ಅನುಮಾನ. ಒಂದು, ಬರುವುದೂ ಅದೇ ದಾರಿ, ಹೋಗುವುದೂ ಅದೇ ದಾರಿ. ನನ್ನ ಪಾಲಿಗೆ ಬರುವ ಪ್ರಯಾಣಕ್ಕೆ ಮಾತ್ರ ಒಂದೂಮುಕ್ಕಾಲು ಗಂಟೆ ಹೆಚ್ಚು ಯಾಕೆ? ಗಾಳಿಯೂ ನಿಮ್ಮ ಕಡೆಯ ವಕೀಲರೇ? ಎರಡು, ಚೂಟಿಯ ಶಾಲೆಯ ಭೂಪಟ ತೆಗೆದು ಸ್ಕೇಲಿಟ್ಟು ಅಳೆದೆ. ನೇರ ಗೆರೆ ಎಳೆದರೆ ಹನ್ನೊಂದು ಸಾವಿರ ಕಿಲೋಮೀಟರ್ ದಾಟುತ್ತದೆ. ನಿಮ್ಮದು ಒಂಬತ್ತು ಹೇಗೆ? ಅದೂ ಅಲ್ಲದೆ ಆ ವಿಮಾನ ಹಿಮದ ಸಮುದ್ರದ ಮೇಲೆ ಹೋಗುತ್ತದಂತೆ, ಚೂಟಿ ಎಲ್ಲೋ ಓದಿದ್ದಾಳೆ. ನೇರ ದಾರಿ ಬಿಟ್ಟು ಮಗುವನ್ನು ಯಾಕೆ ಮಂಜುಗಡ್ಡೆಯ ಮೇಲೆ ಕರೆದುಕೊಂಡು ಹೋಗುತ್ತೀರಿ? ಸುತ್ತಿ ಬಳಸಿ ಮಾತಾಡುವ ಚಾಳಿ ಕೆಲಸಕ್ಕೂ ಹತ್ತಿತೋ?

ನವೆಂಬರಿನ ಮಾತು ನನಗೂ ನೆನಪಿದೆ. ನೆನಪಿಸಬೇಕಾಗಿರಲಿಲ್ಲ.

ಚೂಟಿಯ ಅಮ್ಮ

ಮಾರ್ಚ್ ೨

ಚೂಟಿಯ ಅಮ್ಮನವರಿಗೆ,

ಭೂಪಟದ ಮೇಲೆ ಸ್ಕೇಲ್ ಇಡಬಾರದು. ಒಂದು ಚೆಂಡು ತೆಗೆದುಕೊಳ್ಳಿ. ಮೇಲುಭಾಗದಲ್ಲಿ, ಆಚೆಗೊಂದು ಈಚೆಗೊಂದು ಚುಕ್ಕೆ ಇಡಿ. ಎರಡರ ನಡುವೆ ದಾರ ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಚೆಂಡಿನ ನೆತ್ತಿಯ ಕಡೆ ಜಾರುತ್ತದೆ. ಅದೇ ಹತ್ತಿರದ ದಾರಿ. ಕಾಗದದ ಮೇಲೆ ನೇರವಾಗಿ ಕಾಣುವುದು ನಿಜದಲ್ಲಿ ಸುತ್ತು, ಕಾಗದದ ಮೇಲೆ ಬಾಗಿ ಕಾಣುವುದೇ ನೇರ. ದವಡೆಯ ಅಚ್ಚನ್ನು ಜಜ್ಜಿ ಚಪ್ಪಟೆ ಮಾಡಿ ಹಲ್ಲಿನ ಅಳತೆ ತೆಗೆಯಲು ಯಾರಾದರೂ ಬಂದರೆ ನೀವು ಏನನ್ನುತ್ತೀರಿ? ಅದೇ ಮಾತು ನಾನು ನಿಮಗೆ ಅನ್ನುತ್ತಿದ್ದೇನೆ.

ಗಾಳಿ ಯಾರ ವಕೀಲನೂ ಅಲ್ಲ. ಅಷ್ಟು ಎತ್ತರದಲ್ಲಿ ಅದು ಹೆಚ್ಚುಕಡಿಮೆ ಯಾವಾಗಲೂ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ನಿಮ್ಮೂರು ಪೂರ್ವಕ್ಕಿದೆ. ನನ್ನ ಕಡೆ ಬರುವ ವಿಮಾನ ಗಾಳಿಗೆ ಎದೆ ಕೊಟ್ಟು ಬರಬೇಕು, ನಿಮ್ಮ ಕಡೆ ಹೋಗುವಾಗ ಗಾಳಿಯೇ ಬೆನ್ನು ತಳ್ಳುತ್ತದೆ. ನನ್ನ ಹತ್ತಿರ ಬರುವುದಕ್ಕೆ ಹೊತ್ತು ಜಾಸ್ತಿ, ಬಿಟ್ಟು ಹೋಗುವುದಕ್ಕೆ ಕಡಿಮೆ. ಇದು ವಿಮಾನಕ್ಕೆ ಮಾತ್ರ ಸೇರಿದ ಸಂಗತಿ ಅಲ್ಲವೇನೋ.

ಒಂದೂಮುಕ್ಕಾಲು ಗಂಟೆಯ ಅನ್ಯಾಯ ಆಗಬಾರದು ಅನ್ನುವುದಾದರೆ ಹೀಗೆ ಮಾಡೋಣ. ಎರಡೂ ಪ್ರಯಾಣವನ್ನು ಅರ್ಧರ್ಧ ಮಾಡೋಣ. ಬರುವಾಗ ಮೊದಲ ಐದು ಗಂಟೆ ನಲವತ್ತೇಳು ನಿಮಿಷ ಅವಳು ನಿಮ್ಮ ಪಾಲಿಗೆ, ಅಲ್ಲಿಂದ ಮುಂದೆ ನನ್ನ ಪಾಲಿಗೆ. ಹೋಗುವಾಗ ಮೊದಲ ನಾಲ್ಕು ಗಂಟೆ ಐವತ್ತೈದು ನಿಮಿಷ ನನ್ನದು, ಉಳಿದದ್ದು ನಿಮ್ಮದು. ಒಂದು ನಿಮಿಷವೂ ಯಾರಿಗೂ ಮೋಸವಾಗುವುದಿಲ್ಲ.

ಸಂಜೆಗಳ ಬಗ್ಗೆ ಬರೆದಿದ್ದೀರಿ. ಆ ಲೆಕ್ಕದಲ್ಲಿ ತಪ್ಪು ನನ್ನದೇ.

ಚೂಟಿಯ ಅಪ್ಪ

ಮಾರ್ಚ್ ೧೯

ಚೂಟಿಯ ಅಪ್ಪನವರಿಗೆ,

ಚೆಂಡು ಸಿಗಲಿಲ್ಲ, ಪ್ಲಾಸ್ಟರಿನ ಉಂಡೆ ಮಾಡಿ ದಾರ ಎಳೆದೆ. ನೀವು ಹೇಳಿದ್ದು ಸರಿ. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನಿರಬೇಕಿತ್ತು, ಬಿಟ್ಟೆ, ಬಣ್ಣ ಹೋಯಿತು.

ಅರ್ಧರ್ಧಕ್ಕೆ ಒಪ್ಪಿದ್ದೇನೆ. ಮಂಜುಗಡ್ಡೆಯ ಸಮುದ್ರದ ಮೇಲೆ, ಯಾರೂ ಇಲ್ಲದ ಕಡೆ, ಐದು ಗಂಟೆ ನಲವತ್ತೇಳು ನಿಮಿಷಕ್ಕೆ ಸರಿಯಾಗಿ ನನ್ನ ಮಗಳು ನಿಮ್ಮ ಮಗಳಾಗುತ್ತಾಳೆ. ಇದನ್ನು ಲ್ಯಾಬಿನ ಹುಡುಗಿಯರಿಗೆ ಹೇಳಿದೆ. "ಅಕ್ಕಾ, ಆಗ ಗಂಟೆ ಗಿಂಟೆ ಹೊಡೀತಾರಾ?" ಎಂದು ಕೇಳಿದರು.

ಮೇ ಐದನೇ ತಾರೀಕು ಬೆಳಿಗ್ಗೆ ಎಂಟರ ವಿಮಾನಕ್ಕೆ ಟಿಕೆಟ್ ಮಾಡಿಸಿ. ಚೂಟಿ ಖುಷಿಯಾಗಿದ್ದಾಳೆ. ಪೆಟ್ಟಿಗೆಯಲ್ಲಿ ಏನೇನು ಇಡಬೇಕೆಂದು ಈಗಲೇ ಪಟ್ಟಿ ಮಾಡುತ್ತಿದ್ದಾಳೆ.

ಚೂಟಿಯ ಅಮ್ಮ

ಮೇ ೪

(ಪೆಟ್ಟಿಗೆಯಲ್ಲಿ, ಬಟ್ಟೆಗಳ ಮೇಲೆ ಇಟ್ಟ ಚೀಟಿ)

ಎಡಗಡೆ ಕಿವಿ ತಣ್ಣನೆ ಗಾಳಿಗೆ ನೋಯುತ್ತದೆ, ಟೋಪಿ ಹಾಕಿಸಿ. ಬಾಗಿಲು ಪೂರ್ತಿ ಮುಚ್ಚಿದರೆ ಅವಳಿಗೆ ನಿದ್ದೆ ಬರುವುದಿಲ್ಲ, ನಾಲ್ಕು ಬೆರಳು ತೆರೆದಿಡಿ. ಇಳಿದ ತಕ್ಷಣ ನನಗೊಂದು ಸಂದೇಶ ಕಳಿಸಿ. ನಿಮ್ಮ ಗಡಿಯಾರದಲ್ಲಿ ಹನ್ನೊಂದೂ ಮೂವತ್ತೈದು, ನನ್ನದರಲ್ಲಿ ಸಂಜೆ ಏಳೂ ಮೂವತ್ತೈದು. ನಾನು ಲ್ಯಾಬಿನಲ್ಲೇ ಇರುತ್ತೇನೆ.

ಮೇ ೯

ಚೂಟಿಯ ಅಮ್ಮನವರಿಗೆ,

ಚೂಟಿ ಕ್ಷೇಮ. ಸಂದೇಶದಲ್ಲಿ ಅಷ್ಟೇ ಬರೆದಿದ್ದೆ, ಉಳಿದದ್ದು ಇಲ್ಲಿ.

ಮೊದಲೆರಡು ದಿನ ನಿದ್ದೆ ಮಾಡಿದಳು. ನಿಮ್ಮ ಗಡಿಯಾರ ನನ್ನದಕ್ಕಿಂತ ಎಂಟು ಗಂಟೆ ಮುಂದಿರುವುದರಿಂದ ಅದು ಸಹಜ. ಬಾಗಿಲು ನಾಲ್ಕು ಬೆರಳು ತೆರೆದಿಟ್ಟಿದ್ದೇನೆ. ಆದರೆ ಎದ್ದ ಮೇಲೂ ಮಾತಿಲ್ಲ. ಏನು ಕೇಳಿದರೂ ಹೂಂ, ಉಹೂಂ.

"ಅಮ್ಮ ಹೇಗಿದ್ದಾಳೆ?" ಅಂದೆ.

"ಇದ್ದಾಳೆ."

"ಅಮ್ಮ ನನ್ನ ಬಗ್ಗೆ ಏನಾದ್ರೂ ಅಂತಿರ್ತಾಳಾ?"

"ನಂಗೊತ್ತಿಲ್ಲ."

"ನವೆಂಬರಿನ ವಿಷಯ ಏನಾದ್ರೂ ಹೇಳಿದ್ಲಾ?"

ಎದ್ದು ಕೋಣೆಗೆ ಹೋದಳು. ಹೋದ ವರ್ಷ ಇದೇ ಮನೆಯಲ್ಲಿ ಪಟಪಟ ಮಾತಾಡುತ್ತಿದ್ದ ಹುಡುಗಿ ಅವಳು. ಸುತ್ತಿ ಬಳಸುವ ಚಾಳಿ ನನ್ನದು ಅಂದಿರಲ್ಲ, ಅದಕ್ಕೇ ನೇರವಾಗಿ ಕೇಳುತ್ತೇನೆ. ಏನು ಹೇಳಿಕೊಟ್ಟು ಕಳಿಸಿದಿರಿ? ನನಗಿರುವ ಇಪ್ಪತ್ತೆಂಟು ದಿನದಲ್ಲಿ ನಾಲ್ಕು ಹೀಗೆ ಹೋದವು.

ಚೂಟಿಯ ಅಪ್ಪ

ಮೇ ೨೦

ನಾನು ಹೇಳಿಕೊಟ್ಟೆನೇ?

ನೀನು ಕೇಳಿದ ಮೂರು ಪ್ರಶ್ನೆಗಳನ್ನು ನೀನೇ ಒಂದು ಸಲ ಓದಿಕೊ. ಮಗಳಿಗೆ ಕೇಳುವ ಪ್ರಶ್ನೆಗಳಾ ಅವು? ಮೂರರಲ್ಲೂ ನಾನಿದ್ದೇನೆ, ಅವಳೆಲ್ಲಿ?

ನಾನೂ ನೇರವಾಗಿಯೇ ಕೇಳುತ್ತೇನೆ. ವಿಮಾನ ನಲವತ್ತು ನಿಮಿಷ ತಡ ಯಾಕಾಯಿತು? ಏಳೂ ಮೂವತ್ತೈದಕ್ಕೆ ಸಂದೇಶ ಬರಲಿಲ್ಲ. ಏಳೂ ಐವತ್ತಕ್ಕೆ ಬರಲಿಲ್ಲ. ಎಂಟಕ್ಕೆ ಬರಲಿಲ್ಲ. ಮೇಷ್ಟ್ರ ಹಲ್ಲಿನ ಸೆಟ್ಟು ಗಟ್ಟಿಯಾಗಲೆಂದು ಬಿಸಿನೀರಿನ ತೊಟ್ಟಿಯಲ್ಲಿತ್ತು. ಉರಿ ತಗ್ಗಿಸಬೇಕು ಅನ್ನುವುದೇ ಮರೆತೆ. ನೀರು ಕೊತಕೊತ ಕುದಿದು, ತೆಗೆದು ನೋಡಿದರೆ ಒಸಡಿನ ತುಂಬ ಗುಳ್ಳೆ. ಹದಿನೆಂಟು ವರ್ಷದಲ್ಲಿ ನಾನು ಹಾಳು ಮಾಡಿದ ಮೊದಲ ಸೆಟ್ಟು ಅದು. ಎಂಟೂ ಇಪ್ಪತ್ತಕ್ಕೆ ನಿನ್ನ 'ಕ್ಷೇಮ' ಬಂತು. ಎರಡೇ ಅಕ್ಷರ.

ಮರುದಿನ ವಿಮಾನದ ಕಚೇರಿಗೆ ಹೋಗಿ ಕೇಳಿದೆ. "ಯಾವ ತೊಂದರೆನೂ ಆಗಿಲ್ಲಮ್ಮ, ಹೊರಡೋ ಮುಂಚೆನೇ ದಾರಿ ಉದ್ದ ಮಾಡಿದ್ರು, ಹಾಳೆಯಲ್ಲಿ ಹಾಗೇ ಇದೆ" ಅಂದರು. ಹಾಳೆ ಬರೆಯುವವರು ನೀವು ಏಳು ಜನ. ಹೊರಡುವ ಮುಂಚೆಯೇ ನಿನಗೆ ಗೊತ್ತಿತ್ತು, ನನಗೆ ಹೇಳಲಿಲ್ಲ. ದಾರಿ ನಲವತ್ತು ನಿಮಿಷ ಉದ್ದವಾದರೆ ಇಪ್ಪತ್ತು ನಿಮಿಷ ನಿನ್ನ ಪಾಲಿಗೂ ಜಾಸ್ತಿ ಬರುತ್ತದಲ್ಲ. ಅಷ್ಟಕ್ಕೂ ಇಳಿದೆಯಾ?

ಸಿಟ್ಟಿನಲ್ಲಿ 'ನೀನು' ಅಂದುಬಿಟ್ಟಿದ್ದೇನೆ. ತಿದ್ದುವುದಿಲ್ಲ.

ಜೂನ್ ೨, ವಿಮಾನದಲ್ಲಿ

ಅಪ್ಪ, ಅಮ್ಮ,

ಇಬ್ಬರಿಗೂ ಒಂದೇ ಪತ್ರ. ಅಪ್ಪನ ಆಫೀಸಿನಿಂದ ಕಾರ್ಬನ್ ಹಾಳೆ ತಂದಿದ್ದೇನೆ. ಮೇಲಿನದು ಅಮ್ಮನಿಗೆ ಕೈಗೆ ಕೊಡುತ್ತೇನೆ, ಕೆಳಗಿನದು ಅಪ್ಪನಿಗೆ ಅಂಚೆಯಲ್ಲಿ. ಯಾರಿಗೂ ಒಂದಕ್ಷರ ಜಾಸ್ತಿ ಇಲ್ಲ.

ನಾನು ನಿಮ್ಮ ಪತ್ರಗಳನ್ನೆಲ್ಲ ಓದಿದ್ದೇನೆ. ಅಮ್ಮ, ನೀನು ಹಳೇ ದವಡೆ ಅಚ್ಚುಗಳ ಪೆಟ್ಟಿಗೆಯಲ್ಲಿ ಇಡುತ್ತೀಯ. ಅಪ್ಪ, ನೀನು ನಕ್ಷೆಗಳ ಡ್ರಾಯರಿನಲ್ಲಿ ಇಡುತ್ತೀಯ. ಬೀಗ ಹಾಕದೆ ಇಟ್ಟರೆ ಓದದೆ ಇರುವುದು ಹೇಗೆ?

ಅಪ್ಪ, ನನಗೆ ಅಮ್ಮ ಏನೂ ಹೇಳಿಕೊಟ್ಟಿರಲಿಲ್ಲ. ಅಮ್ಮ, ಮಾರ್ಚಿನಲ್ಲಿ ನಾನು ಒಂದು ಸಂಜೆ "ನಾನು ಹೋಗಲ್ಲ" ಅಂತ ಅತ್ತೆನಲ್ಲ, ಅದು ಅಪ್ಪನ ಹತ್ತಿರ ಹೋಗಲ್ಲ ಅಂತ ಅಲ್ಲ. ವಿಮಾನ ಹತ್ತಲ್ಲ ಅಂತ. ಹೋದ ವರ್ಷ ಅಪ್ಪನ ಜೊತೆ ಬರುವಾಗ ವಿಮಾನ ತುಂಬ ಅಲ್ಲಾಡಿತ್ತು. ನಾನು ಮೂರು ಸಲ ವಾಂತಿ ಮಾಡಿದೆ, ಸತ್ತೇ ಹೋಗುತ್ತೇವೆ ಅಂತ ಕಿರುಚಿದೆ. "ಅಮ್ಮಂಗೆ ಹೇಳ್ಬೇಡ, ಆಮೇಲೆ ಕಳಿಸಲ್ಲ" ಅಂತ ನಾನೇ ಅಪ್ಪನ ಹತ್ತಿರ ಆಣೆ ಹಾಕಿಸಿಕೊಂಡಿದ್ದೆ. ಅಪ್ಪ ಹೇಳಲೇ ಇಲ್ಲ. ಈಗ ನಾನೇ ಹೇಳಿದ್ದೇನೆ, ಆಣೆ ಮುಗಿಯಿತು.

ಈ ಸಲ ಹೋಗುವಾಗ ಸ್ವಲ್ಪವೂ ಅಲ್ಲಾಡಲಿಲ್ಲ. ಎದುರಿನ ಪರದೆಯಲ್ಲಿ ವಿಮಾನದ ದಾರಿ ತೋರಿಸುತ್ತಾರಲ್ಲ, ಅದರಲ್ಲಿ ಗೆರೆ ಒಂದು ಕಡೆ ಕೆಳಗೆ ಸುತ್ತಿಕೊಂಡು ಹೋಗಿತ್ತು. ನೀರು ತಂದ ಆಂಟಿಯನ್ನು ಕೇಳಿದೆ. "ನೇರ ದಾರೀಲಿ ಗಾಳಿ ಜೋರಿದೆಯಂತೆ ಪುಟ್ಟಾ, ಅದಕ್ಕೇ ಇವತ್ತು ಯಾರೋ ಪುಣ್ಯಾತ್ಮರು ಸುತ್ತು ದಾರಿ ಬರ್ದಿದ್ದಾರೆ" ಅಂದರು. ಯಾರು ಅಂತ ನನಗೆ ಆಗಲೇ ಗೊತ್ತಾಯಿತು.

ಈಗ ನನ್ನ ಮಾತು.

ಇಲ್ಲಿ ನನ್ನ ಸೀಟು ಇಪ್ಪತ್ತಮೂರನೇ ಸಾಲಿನ ಕಿಟಕಿ ಪಕ್ಕ. ಇಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. "ನೀರು ಬೇಕಾ?" ಅಂತ ಮಾತ್ರ ಕೇಳುತ್ತಾರೆ. ಅಪ್ಪನ ಮನೆಯಲ್ಲಿ ಅಮ್ಮ ಏನಂದಳು ಅಂತ ಕೇಳುತ್ತಾರೆ. ಅಮ್ಮನ ಮನೆಗೆ ಹೋದರೆ ನಾಳೆ ಬೆಳಿಗ್ಗೆ ಅಪ್ಪ ಏನಂದ, ಅಲ್ಲಿ ಯಾರು ಬರುತ್ತಿದ್ದರು, ಮನೆ ಹೇಗಿಟ್ಟುಕೊಂಡಿದ್ದಾನೆ ಅಂತ ಕೇಳುತ್ತಾರೆ. ಏನು ಹೇಳಿದರೂ ಒಬ್ಬರ ಮುಖ ಸಣ್ಣದಾಗುತ್ತದೆ. ಅದಕ್ಕೇ ಹೋದಾಗ ಸುಮ್ಮನಿದ್ದೆ. ಹನ್ನೆರಡು ಗಂಟೆ ಯಾರಿಗೂ ಉತ್ತರ ಕೊಡದೆ ಇದ್ದು ಅಭ್ಯಾಸವಾಗಿಬಿಟ್ಟಿತ್ತು, ಚೆನ್ನಾಗಿತ್ತು.

ಈಗ ತಾನೆ ನಾಲ್ಕು ಗಂಟೆ ಐವತ್ತೈದು ನಿಮಿಷ ಆಯಿತು. ಕಿಟಕಿಯಲ್ಲಿ ನೋಡುತ್ತಲೇ ಇದ್ದೆ. ಕೆಳಗೆ ಏನೂ ಗೆರೆ ಇರಲಿಲ್ಲ. ನಾನು ಆಗ ಬಿಸ್ಕತ್ತು ತಿನ್ನುತ್ತಿದ್ದೆ, ತಿನ್ನುತ್ತಲೇ ಇದ್ದೆ. ಅಪ್ಪನ ಮಗಳಿಂದ ಅಮ್ಮನ ಮಗಳು ಆದದ್ದು ನನಗೆ ಗೊತ್ತೇ ಆಗಲಿಲ್ಲ.

ಈ ಇಪ್ಪತ್ತೊಂದು ಗಂಟೆ ಇಪ್ಪತ್ತೈದು ನಿಮಿಷ ಇಬ್ಬರದೂ ಅಲ್ಲ, ನನ್ನದು. ಪಾಲು ಮಾಡಬೇಡಿ. ಹೆಚ್ಚು ಬಂದ ನಲವತ್ತು ನಿಮಿಷವೂ ನನ್ನದೇ. ಅಪ್ಪ ನನಗೆ ಕೊಟ್ಟದ್ದು ಅದು, ತನಗೆ ಇಟ್ಟುಕೊಂಡದ್ದಲ್ಲ.

ನವೆಂಬರಿನಲ್ಲಿ ಕೋರ್ಟಿನ ಆಂಟಿ ಯಾರ ಮನೆ ಬೇಕು ಅಂತ ಕೇಳಿದರೆ, ಇಪ್ಪತ್ತಮೂರನೇ ಸಾಲಿನ ಕಿಟಕಿ ಸೀಟು ಅಂತ ಹೇಳುತ್ತೇನೆ. ತಮಾಷೆಗೆ ಅಲ್ಲ, ಹಾಗೇ ಹೇಳುತ್ತೇನೆ. ನನ್ನನ್ನು ಕೇಳಬೇಡಿ ಅಂತ ನೀವೇ ಅವರಿಗೆ ಹೇಳಿ.

ಚೂಟಿ

ಜೂನ್ ೧೪

ಚೂಟಿಯ ಅಮ್ಮನಿಗೆ,

ಕಾರ್ಬನ್ ಪ್ರತಿ ನಿನ್ನೆ ಬಂತು. ಮಸಿ ಕೈಗೆಲ್ಲ ಹತ್ತಿತು, ತೊಳೆದುಕೊಳ್ಳಲಿಲ್ಲ.

ನಿನ್ನ ಮೇ ತಿಂಗಳ ಪತ್ರಕ್ಕೆ ನಾನು ಉತ್ತರ ಬರೆಯದೇ ಇದ್ದದ್ದು ಸೊಕ್ಕಿನಿಂದಲ್ಲ. ಆಣೆ ಇತ್ತು. ಈಗ ಬರೆಯಬಹುದು. ಆ ದಿನದ ಹಾಳೆ ಬೇರೆಯವರ ಪಾಳಿಯಲ್ಲಿತ್ತು, ಕೇಳಿ ಬದಲಾಯಿಸಿಕೊಂಡೆ. ನೇರ ದಾರಿಯಲ್ಲಿ ಗಾಳಿ ಕೆಟ್ಟಿರುತ್ತದೆ ಎಂದು ಮುನ್ಸೂಚನೆ ಇತ್ತು. ಅಪಾಯವೇನಿಲ್ಲ, ಅಲುಗಾಟ ಅಷ್ಟೇ. ಬೇರೆ ದಿನವಾಗಿದ್ದರೆ 'ಬೆಲ್ಟ್ ಹಾಕಿಕೊಳ್ಳಿ' ಎಂದು ಒಂದು ಸಾಲು ಬರೆದು ನೇರವಾಗಿಯೇ ಕಳಿಸುತ್ತಿದ್ದೆ. ಅವತ್ತು ಆಗಲಿಲ್ಲ. ದಕ್ಷಿಣಕ್ಕೆ ಸುತ್ತು ಹಾಕಿಸಿದೆ. ಮರುದಿನ ನಮ್ಮ ಮೇಲಧಿಕಾರಿ ಹಾಳೆ ನೋಡಿ, "ಏನ್ರೀ, ಹೊಟ್ಟೆಯಲ್ಲಿ ಗಾಜಿನ ಸಾಮಾನು ತುಂಬ್ಕೊಂಡು ಬಂತಾ ಇದು?" ಅಂದರು. ಹೌದು ಸರ್ ಅಂದೆ.

ಇಪ್ಪತ್ತು ನಿಮಿಷಕ್ಕಾಗಿ ಮಾಡಿದ್ದಲ್ಲ. ಆದರೆ ನೀನು ಹಾಗೆ ಅಂದುಕೊಳ್ಳುವಂತೆ ಮಾಡಿದವನು ನಾನೇ. ಫೆಬ್ರವರಿಯಿಂದ ನಿಮಿಷ ಎಣಿಸಿದವನು ನಾನು.

ಇನ್ನೊಂದು ಹೇಳಬೇಕು. ಈ ಮನೆಗೆ ನಾನು ಬಂದದ್ದು ಅದರಲ್ಲಿ ಒಂದು ಕೋಣೆ ಹೆಚ್ಚಿಗೆ ಇದೆ ಅನ್ನುವುದಕ್ಕೆ. ಎರಡು ಬೀದಿ ಆಚೆ ಒಂದು ಒಳ್ಳೆಯ ಶಾಲೆ ಇದೆ. ಜನವರಿಯಲ್ಲೇ ಹೋಗಿ ಅವಳ ಹೆಸರು ಬರೆಸಿ ಬಂದಿದ್ದೆ. ಈ ರಜೆಯಲ್ಲಿ ಅವಳು ಅದನ್ನು ನೋಡಿ, ನವೆಂಬರಿನಲ್ಲಿ ನನ್ನ ಕಡೆ ಬೆರಳು ತೋರಿಸಲಿ ಅಂತ. ಅದಕ್ಕೇ ಅಷ್ಟು ಗಂಟೆ ಬೇಕಾಗಿತ್ತು ನನಗೆ. ಇವತ್ತು ಬೆಳಿಗ್ಗೆ ಶಾಲೆಗೆ ಹೋಗಿ ಹೆಸರು ತೆಗೆಸಿ ಬಂದೆ. ಅಲ್ಲಿನ ಗುಮಾಸ್ತೆ, "ಯಾಕೆ ಸಾರ್, ಮಗು ಬರಲ್ವಾ?" ಅಂದರು. ರಜೆಗೆ ಬರುತ್ತಾಳೆ ಅಂದೆ. ಹೊರಗೆ ಬಂದು ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ತುಂಬ ದುಃಖವಾಯಿತು.

ಶಾಲೆಯ ವರ್ಷ ಅವಳು ನಿನ್ನ ಹತ್ತಿರವೇ ಇರಲಿ. ಮೇಡಂಗೆ ನಾನು ಬರೆಯುತ್ತೇನೆ. ನನ್ನ ಕಡೆಯಿಂದ ಆ ಪ್ರಶ್ನೆ ಇಲ್ಲ.

ಅವಳು ಬಂದ ದಿನ ಅರ್ಧ ದಾರಿ ಆಗುವ ಹೊತ್ತಿಗೆ ಇಲ್ಲಿ ಬೆಳಿಗ್ಗೆ ಆರು ಗಂಟೆ ಏಳು ನಿಮಿಷ. ಪಾಳಿ ಮುಗಿದಿದ್ದರೂ ಮನೆಗೆ ಹೋಗದೆ ಗಡಿಯಾರ ನೋಡುತ್ತ ನಿಂತಿದ್ದೆ. ಆರೂ ಏಳಾದಾಗ, ಈಗ ನನ್ನ ಮಗಳು ಅಂದುಕೊಂಡೆ. ನಾಚಿಕೆಯಾಗುತ್ತದೆ.

ಚೂಟಿಯ ಅಪ್ಪ

ಜುಲೈ ೧

ಚೂಟಿಯ ಅಪ್ಪನಿಗೆ,

ನೀನು ಒಬ್ಬನೇ ನಾಚಿಕೊಳ್ಳಬೇಕಾಗಿಲ್ಲ. ಅವತ್ತು ಮಧ್ಯಾಹ್ನ ಒಂದೂ ನಲವತ್ತೇಳಕ್ಕೆ ನಾನೂ ಕೆಲಸ ನಿಲ್ಲಿಸಿ ಲ್ಯಾಬಿನ ಗೋಡೆ ಗಡಿಯಾರದ ಕೆಳಗೆ ನಿಂತಿದ್ದೆ. ಮುಗೀತು, ಇನ್ನು ಅವನವಳು ಅಂದುಕೊಂಡೆ. ನೀನು ಸುತ್ತು ಹಾಕಿಸಿದ್ದು ಗೊತ್ತಿಲ್ಲದೆ ಇಪ್ಪತ್ತು ನಿಮಿಷ ಮುಂಚೆಯೇ ಅತ್ತುಬಿಟ್ಟೆ.

ಮಾರ್ಚಿನಲ್ಲಿ ಅವಳು ಹೋಗಲ್ಲ ಅಂತ ಅತ್ತಾಗ ನಾನು ಯಾಕೆ ಅಂತ ಕೇಳಲಿಲ್ಲ. ಕೇಳಿದರೆ ಬೇರೆ ಕಾರಣ ಹೊರಬಂದೀತು ಅಂತ. ನಿನ್ನನ್ನು ಬೇಡ ಅಂದಳು ಅಂದುಕೊಂಡು ಒಳಗೊಳಗೇ ಹಿಗ್ಗಿದೆ. ನಿನಗೆ 'ಖುಷಿಯಾಗಿದ್ದಾಳೆ' ಅಂತ ಬರೆದೆ, ಅಳುವಿನ ವಿಷಯ ನವೆಂಬರಿಗೆ ಇರಲಿ ಅಂತ ಕಟ್ಟಿಟ್ಟುಕೊಂಡೆ. ನೀನು ಕೋಣೆ ಸಿದ್ಧ ಮಾಡಿದೆ, ನಾನು ಅವಳ ಕಣ್ಣೀರು ಕೂಡಿಟ್ಟೆ. ನನ್ನದೇ ಹೆಚ್ಚು ಕೆಟ್ಟದ್ದು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಿದ್ದರು ಹಿಂದಿನವರು. ನಮ್ಮ ಕೂಸು ಜಾಣೆ, ಬಡವಾಗುವ ಮೊದಲೇ ಕಾರ್ಬನ್ ಹಾಳೆ ಇಟ್ಟು ಬರೆಯಿತು.

ಮೇಡಂಗೆ ನಾನೂ ಬರೆದಿದ್ದೇನೆ. ಮೇಷ್ಟ್ರಿಗೆ ಹೊಸ ಸೆಟ್ಟು ಮಾಡಿಕೊಟ್ಟೆ. ಮೊದಲನೆಯದು ಯಾಕೆ ಹಾಳಾಯಿತು ಅಂತ ನಿಜ ಹೇಳಿದೆ. "ಮಗು ತಲುಪ್ತಲ್ಲಮ್ಮಾ, ಹಲ್ಲಿಗೇನು" ಅಂದರು.

ನಾನು

ನವೆಂಬರ್ ೨೪

ಚೂಟಿಯ ಅಪ್ಪನಿಗೆ,

ಮೊನ್ನೆ ಅವಳಿಗೆ ಹನ್ನೆರಡು ತುಂಬಿತು. ನೀನು ಕಳಿಸಿದ ಗೋಳ ಬಂತು. ಅದರ ಮೇಲೆ ದಾರ ಎಳೆದೆಳೆದು, ಗೆಳತಿಯರಿಗೆಲ್ಲ ಯಾವುದು ನೇರ ಯಾವುದು ಸುತ್ತು ಅಂತ ಪಾಠ ಹೇಳುತ್ತಿದ್ದಾಳೆ. ಅವಳ ದನಿ ಥೇಟ್ ನಿನ್ನದೇ.

ನಿನ್ನೆ ಮೇಡಂ ಹತ್ತಿರ ಹೋಗಿ ಬಂದೆವು. ಮೇಜಿನ ಮೇಲೆ ನಿನ್ನ ಪತ್ರ, ನನ್ನ ಪತ್ರ ಅಕ್ಕಪಕ್ಕ ಇದ್ದವು. ಚೂಟಿ ಕುರ್ಚಿಯ ತುದಿಯಲ್ಲಿ ಕೂತು ಲಂಗ ಹಿಂಡುತ್ತಿದ್ದಳು. ಮೇಡಂ ಕನ್ನಡಕ ತೆಗೆದು ಅವಳನ್ನು ನೋಡಿದರು. "ನೀರು ಬೇಕಾ ಪುಟ್ಟಾ?" ಅಂದರು. ಮತ್ತೇನೂ ಕೇಳಲಿಲ್ಲ. ಅವಳ ಪತ್ರವನ್ನು ನಾನು ಅವರಿಗೆ ತೋರಿಸಿರಲಿಲ್ಲ. ನೀನು ಕಳಿಸಿದ್ದೆ ಅಂತ ಕಾಣುತ್ತದೆ. ಚೂಟಿ ಪೂರ್ತಿ ಒಂದು ಲೋಟ ಕುಡಿದಳು, ಆಮೇಲೆ ಮನೆಯವರೆಗೂ ಬಾಯಿ ಮುಚ್ಚದೆ ಮಾತಾಡಿದಳು.

ಇನ್ನು ನನ್ನ ಮಾತು. ಚಳಿಗಾಲದ ಹದಿನೈದು ದಿನದ ರಜೆ ಒಪ್ಪಂದದಲ್ಲಿ ನನ್ನದು. ಈ ಸಲ ಅದನ್ನು ಅವಳು ನಿನ್ನ ಹತ್ತಿರ ಕಳೆಯಲಿ. ಆ ಕೋಣೆ ಖಾಲಿ ಇದೆಯಲ್ಲ, ಬಾಗಿಲು ನಾಲ್ಕು ಬೆರಳು ತೆರೆದಿಡು. ಅವಳು ವಾಪಸು ಬಂದಾಗ ನಾನು ಏನೂ ಕೇಳುವುದಿಲ್ಲ. ಪ್ರಯತ್ನ ಮಾಡುತ್ತೇನೆ. ನಾಲಿಗೆ ಕಚ್ಚಿಕೊಳ್ಳಲು ಹಲ್ಲು ಇನ್ನೂ ಗಟ್ಟಿಯಿವೆ.

ಡಿಸೆಂಬರ್ ಇಪ್ಪತ್ತಕ್ಕೆ, ಅದೇ ಬೆಳಿಗ್ಗೆ ಎಂಟರ ವಿಮಾನ. ಆ ತಿಂಗಳು ಮೇಲೆ ಗಾಳಿ ಹೇಗಿರುತ್ತದೋ ನನಗೆ ತಿಳಿಯದು. ನೇರ ದಾರಿ ಶಾಂತವಾಗಿದ್ದರೆ ಸುಮ್ಮನೆ ಸುತ್ತು ಬೇಡ, ನಿನ್ನ ಅಧಿಕಾರಿಯ ಹತ್ತಿರ ಮತ್ತೆ ಅನ್ನಿಸಿಕೊಳ್ಳಬೇಡ ಅಂತ ಬರೆಯಲು ಕೂತಿದ್ದೆ. ಚೂಟಿ ಹಿಂದಿನಿಂದ ಬಂದು ಹೆಗಲ ಮೇಲೆ ಗದ್ದ ಇಟ್ಟು ಓದಿದಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ.

"ಬೇಡ ಅಂತ ಬರೀಬೇಡಮ್ಮ. ಅಪ್ಪಂಗೆ ಸುತ್ತು ದಾರೀಲೇ ಕರ್ಸ್ಕೊಳ್ಳೋಕೆ ಹೇಳು."